ಬಿಂದಿ ಅಂಟಿಸಿದ ಕೀಬೋರ್ಡು

ನಾನು ಹಾಡುತ್ತಿದ್ದ ಚನ್ನರಾಯಪಟ್ಟಣದ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುವವರಿಗೆ ಕಣ್ಣು ಕಾಣುತ್ತಿರಲಿಲ್ಲ. ಆದರೂ ಏನನ್ನೇ ಮುಟ್ಟುವ ಮುಂಚೆ “ತಡೀರಿ ಸಾ, ನೋಡಾನ” ಅನ್ನುವರು. ಹೊಸ ಕೀಬೋರ್ಡ್ ಬಂದ ದಿನ ಹೆಂಡತಿಯ ಸ್ಟಿಕ್ಕರ್ ಬಿಂದಿಗಳನ್ನು ತಂದು, ತಮಗೆ ಬೇಕಾದ ತಾಳಗಳ ಗುಂಡಿಗಳ ಮೇಲೆ ನನ್ನ ಕೈಯಲ್ಲಿ ಅಂಟಿಸಿಕೊಂಡರು, ಬೆರಳಿಗೆ ಗುರುತು ಸಿಗಲೆಂದು. ನಾನೋ ಹರಟೆ ಹೊಡೆಯುತ್ತಲೇ ಅಂಟಿಸಿದೆ.

ಹಿರೀಸಾವೆಯ ಮದುವೆಯೊಂದರಲ್ಲಿ ಹೆಣ್ಣು ತಲೆ ತಗ್ಗಿಸಿಕೊಂಡು ಮಂಟಪಕ್ಕೆ ಬರುತ್ತಿದ್ದಳು. ಇವರು ಬಿಂದಿ ಒತ್ತಿದರು. ಮೆಲ್ಲನೆಯ ತಬಲಾ ಬರಬೇಕಾದ ಕಡೆ ಡಿಸ್ಕೋ ಡ್ರಮ್ಮು ಗುಡುಗಿತು. ಹೆಣ್ಣಿನ ಸೋದರಮಾವ ಕುಣಿದೇಬಿಟ್ಟ.

ಆಮೇಲೆ ನನ್ನನ್ನು ಹತ್ತಿರ ಕರೆದರು. “ಕಣ್ಣಿರೋರು ಇಂಗೇಯ ಸಾ, ನೋಡ್ದೇನೇ ಅಂಟಿಸ್ಬುಡ್ತೀರಿ. ತಡೀರಿ, ನೋಡಾನ” ಎನ್ನುತ್ತಾ ಆ ಬಿಂದಿಯನ್ನು ಕಿತ್ತು ನನ್ನ ಹಣೆಗೆ ಒತ್ತಿದರು. ಸರಿಯಾಗಿ ಹುಬ್ಬುಗಳ ನಡುಮಧ್ಯಕ್ಕೆ.