ನನ್ನ ಕಿವಿಗೆ ಕೇಳಿಸದ ಸದ್ದು

ಗಿರಿಜಮ್ಮ, ನಿಮ್ಮ ಕಾರಿನ ಗೇರ್‌ಬಾಕ್ಸ್ ಕೆಟ್ಟದ್ದು ನಿಮ್ಮಿಂದಲ್ಲ. ಗೊತ್ತಿದ್ದೂ ಆ ತಪ್ಪನ್ನು ನಿಮ್ಮ ಮೇಲೆ ಹೊರಿಸಿದವನು ನಾನು. ಐದು ವರ್ಷದಿಂದ ಇದನ್ನು ಮುಚ್ಚಿಟ್ಟಿದ್ದೇನೆ — ಇನ್ನು ಮುಚ್ಚಿಡಲಾರೆ.

ಹೊಸದುರ್ಗದ ನನ್ನ ಗ್ಯಾರೇಜಿಗೆ ಹೆಸರು ಬಂದದ್ದೇ ಈ ಕಿವಿಯಿಂದ. ಹಳೆ ಕಾರು ಕೊಳ್ಳುವವರು ಹಿರಿಯೂರಿನಿಂದಲೂ ಹುಡುಕಿಕೊಂಡು ಬರುತ್ತಿದ್ದರು. ಒಂದು ಸುತ್ತು ಓಡಿಸಿ ಇಂಥ ಬೇರಿಂಗ್ ಹೋಗಿದೆ ಎಂದರೆ, ಬಿಚ್ಚಿದಾಗ ಅದೇ ಹೋಗಿರುತ್ತಿತ್ತು. ಆದರೆ ನೀವು ಬರುವ ಹೊತ್ತಿಗೆ ಆ ಕಿವಿ ಮಂದವಾಗಿತ್ತು. ಮೊಬೈಲ್ ಕೂಗಿದರೂ ಪಕ್ಕದವರು ಹೇಳಬೇಕಿತ್ತು. ಯಾರಿಗೂ ಬಾಯಿ ಬಿಟ್ಟಿರಲಿಲ್ಲ. ಹೇಗೆ ಬಿಡಲಿ? ಊರೆಲ್ಲ ಹೊಗಳಿದ ಕಿವಿ, ನನಗೂ ಜಂಬ ಕಡಿಮೆಯಿರಲಿಲ್ಲ.

ಮತ್ತೋಡಿನಿಂದ ಹೊಳಲ್ಕೆರೆಯ ಖಾನಾವಳಿಗಳಿಗೆ ರೊಟ್ಟಿ ಒಯ್ಯಲೆಂದೇ ನೀವು ಕಾರು ಕಲಿತಿದ್ದಿರಿ. ಕೊಳ್ಳಬೇಕೆಂದಿದ್ದ ಹಳೆ ಕಾರನ್ನು ತೋರಿಸಲು ಗಂಡ ತಿಪ್ಪೇಸ್ವಾಮಿಯವರ ಜೊತೆ ಬಂದಿರಿ. ಗೇರ್‌ಬಾಕ್ಸಿನ ಕೆಳಗೆ ಅಂಗೈಯಗಲ ಎಣ್ಣೆಯ ಪಸೆ ಇತ್ತು. ಬೆರಳಿಗೆ ಹಚ್ಚಿ ಮೂಸಿದೆ, ಗೇರ್ ಆಯಿಲ್. ಹಳೆ ಗಾಡಿಗೆ ಅಷ್ಟು ಜಿನುಗು ಮಾಮೂಲು. ಆದರೆ ಜೊತೆಗೆ ಸದ್ದೂ ಇದ್ದರೆ, ಒಳಗೆ ಎಣ್ಣೆ ತಳ ಕಂಡಿದೆ ಎಂದೇ ಅರ್ಥ. ಮೂವರೂ ಒಂದು ಸುತ್ತು ಹೋದೆವು. ನನಗೇನೂ ಕೇಳಿಸಲಿಲ್ಲ. ಹಿಂದಿನ ಸೀಟಿನಿಂದ ನೀವು ಹೇಳಿದಿರಿ: "ಅಣ್ಣಾ, ಸ್ಪೀಡ್ ಹೋದಂಗೆಲ್ಲ ಏನೋ ಕುಂಯ್ ಅಂತೈತೆ."

ನಿಲ್ಲಿಸಿ ಎಣ್ಣೆ ಎಷ್ಟಿದೆ ಎಂದು ನೋಡಬಹುದಿತ್ತು. ಹತ್ತು ನಿಮಿಷದ ಕೆಲಸ. ನಾನು ನಕ್ಕೆ. "ಅದು ಟೈರ್ ಸದ್ದು ಕಣಮ್ಮ. ನೀವು ರೊಟ್ಟಿ ತಟ್ಟದು ನೋಡ್ಕಳ್ರಿ, ಗಾಡಿ ನಂಗೆ ಬಿಡ್ರಿ." ತಿಪ್ಪೇಸ್ವಾಮಿಯವರೂ ನಕ್ಕರು. ನನ್ನ ಮಾತು ನಂಬಿ ಆ ಕಾರನ್ನೇ ಕೊಂಡಿರಿ.

ತಿಂಗಳು ತುಂಬುವ ಮೊದಲೇ ರಾಮಗಿರಿ ಹತ್ತಿರ ಗೇರ್‌ಬಾಕ್ಸ್ ಜಾಮ್ ಆಯಿತು. ಓಡುತ್ತಿದ್ದ ಕಾರಿನ ಚಕ್ರ ಕಚ್ಚಿಕೊಂಡು, ಬೆನ್ನಿಗೇ ಲಾರಿ — ನೀವು ಅದನ್ನು ರಸ್ತೆ ಪಕ್ಕಕ್ಕೆ ಹೇಗೆ ತಂದಿರೋ!

ಗ್ಯಾರೇಜಿಗೆ ಎಳೆದು ತಂದು ಬಿಚ್ಚಿದೆ. ಒಳಗೆ ತೊಟ್ಟು ಎಣ್ಣೆಯಿಲ್ಲ, ಬೇರಿಂಗ್ ಸುಟ್ಟು ನೀಲಿಯಾಗಿತ್ತು. ತಿಪ್ಪೇಸ್ವಾಮಿಯವರು ಬಗ್ಗಿ ನೋಡಿ, "ಯಾಕಿಂಗಾತು?" ಎಂದರು. ಸುತ್ತ ನಾಲ್ಕು ಜನ ನಿಂತಿದ್ದರು. ನೀವು ನನ್ನ ಮುಖವನ್ನೇ ನೋಡುತ್ತಿದ್ದಿರಿ. ನಿಜ ಹೇಳಲು ಒಂದು ಮಾತು ಸಾಕಿತ್ತು, ಒಂದೇ ಒಂದು —

"ಗೇರ್ ಹಾಕಾಕೆ ಬರದೋರ ಕೈಗೆ ಗಾಡಿ ಕೊಟ್ರೆ ಇನ್ನೇನಾಗ್ತೈತೆ?" ಎಂದುಬಿಟ್ಟೆ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ — ಆ ಗಾದೆ ಆ ದಿನ ನನಗೇ ಒಪ್ಪುತ್ತಿತ್ತು.

ಹೋದ ವಾರ ಹೊಸದುರ್ಗದ ಬಸ್ ಸ್ಟ್ಯಾಂಡಿನಲ್ಲಿ ನೀವು ರೊಟ್ಟಿಯ ಗಂಟು ಹೊತ್ತು ನಿಂತಿದ್ದಿರಿ. "ಕಾರು ತರ್ಲಿಲ್ವೇನಮ್ಮ?" ಎಂದು ಕೇಳಿದೆ. ನಿಮ್ಮ ದನಿಯಲ್ಲಿ ಸಿಟ್ಟೇ ಇರಲಿಲ್ಲ. "ಮನೇಲೈತೆ, ಅವ್ರು ಓಡಿಸ್ತಾರೆ. ನಂಗೆಲ್ಲಿ ಬರ್ತೈತಣ್ಣಾ? ನೀವೇ ಹೇಳಿದ್ರಲ್ಲ." ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನೀವು ನನ್ನ ಸುಳ್ಳನ್ನು ನಂಬಿ ಬದುಕುತ್ತಿದ್ದಿರಿ.

ಈ ಭಾನುವಾರ ಮತ್ತೋಡಿಗೆ ಬರುತ್ತೇನೆ. ತಿಪ್ಪೇಸ್ವಾಮಿಯವರ ಎದುರಿಗೆ, ನಿಮ್ಮ ಓಣಿಯವರ ಎದುರಿಗೆ, ನಾನು ಕಿವುಡನೆಂದೂ ಸುಳ್ಳನೆಂದೂ ಹೇಳುತ್ತೇನೆ. ನೀವು ಕ್ಷಮಿಸಬೇಕೆಂದು ಕೇಳುವುದಿಲ್ಲ. ಕಾರಿನ ಕೀಲಿ ನಿಮ್ಮ ಕೈಗೆ ಬರುವವರೆಗೆ ಮಾತ್ರ ನಿಮ್ಮ ಜಗಲಿಯಿಂದ ಏಳುವುದಿಲ್ಲ.