ಜಡೆ ಜಾಡು

ಶಿಲ್ಪ ಸೈಕಲ್ ಹತ್ತಿದಳೆಂದರೆ ಹಟ್ಟಿಯಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಿದ್ದರು.

"ಎಲ್ಲಿಗವ್ವಾ?"

"ಎಲ್ಲಿಗೂ ಇಲ್ಲ."

ಮೊದಮೊದಲು ಅದು ಕೊಬ್ಬಿನ ಮಾತೆನಿಸಿತ್ತು. ಉಳ್ಳಾರ್ತಿ ಕಾವಲೆಂಬ ಹುಲ್ಲುಗಾವಲಿನ ಅಂಚಿನ ಆ ಹಟ್ಟಿಯಲ್ಲಿ ಹೆಂಗಸೊಬ್ಬಳು ಹೊಸ್ತಿಲು ದಾಟಿದರೆ ಅದಕ್ಕೊಂದು ಕಾರಣ ಇರುತ್ತಿತ್ತು. ನೀರು, ಸೌದೆ, ಕೂಲಿ, ಚಳ್ಳಕೆರೆ ಸಂತೆ, ಯಾರದೋ ಹೆರಿಗೆ, ಇನ್ಯಾರದೋ ಸಾವು. ಕಂಕುಳಲ್ಲಿ ಕೊಡವಿಲ್ಲದೆ, ತಲೆಯ ಮೇಲೆ ಹೊರೆಯಿಲ್ಲದೆ ಹೊರಟು, ಬಂದ ದಾರಿಗೆ ಸುಂಕವಿಲ್ಲವೆಂಬಂತೆ ಬರಿಗೈಲಿ, ಮುಖವೆಲ್ಲ ಕೆಂಧೂಳು ಮಾಡಿಕೊಂಡು ನಗುತ್ತ ವಾಪಸು ಬರುವವಳನ್ನು ಯಾರೂ ಕಂಡಿರಲಿಲ್ಲ.

ಅವಳು ದೇವಸಮುದ್ರದ ಕಡೆಯವಳು. ಕಲ್ಲುಗುಡ್ಡಗಳ ಸೀಮೆ ಅದು. ಕಾಲೇಜಿನಲ್ಲಿದ್ದಾಗ ದುರ್ಗದಲ್ಲಿ ನಡೆದ ಗುಡ್ಡದ ಸೈಕಲ್ ಓಟದಲ್ಲಿ ಗೆದ್ದು ತಂದ ಗೇರ್ ಸೈಕಲ್ ಅದು. ಮದುವೆಯಾಗಿ ಬರುವಾಗ ಬೇರೆ ಹೆಣ್ಣುಮಕ್ಕಳ ಟೆಂಪೊದಲ್ಲಿ ಬೀರು, ಮಂಚ ಬರುತ್ತವೆ. ಇವಳ ಟೆಂಪೊದ ನೆತ್ತಿಯ ಮೇಲೆ ಸೈಕಲ್ ಬಂತು, ಅದರ ಹ್ಯಾಂಡಲಿಗೆ ಯಾರೋ ತಮಾಷೆಗೆ ಸುತ್ತಿದ ಸೇವಂತಿಗೆ ದಂಡೆಯ ಸಮೇತ. ಗಂಡ ಗೋವರ್ಧನ ಬಾಡಿಗೆ ಟೆಂಪೊ ಓಡಿಸುವವನು, ಮಾತು ಕಡಿಮೆ. ಸೊಸೆಯ ಮೇಲೆ ಅಪ್ಪ ದೂರು ಹೇಳಿದಾಗಲೆಲ್ಲ ಅವನದು ಒಂದೇ ಉತ್ತರ: "ಅವಳಿಗೇ ಹೇಳಪ್ಪ. ನಂಗ್ಯಾಕೆ ಹೇಳ್ತೀಯಾ?"

ಅಪ್ಪನೆಂದರೆ ಜುಂಜಣ್ಣ, ಹುಟ್ಟಾ ಕುರಿಗಾರ. ನೆಲ ನೋಡಿಯೇ ಜಗತ್ತು ತಿಳಿಯುವವನು. ಕುರಿಹಿಂಡು ಹೋದ ಮೇಲೆ ಮಣ್ಣಿನಲ್ಲಿ ಉಳಿದ ಹೆಜ್ಜೆ ನೋಡಿ ಕುಂಟು ಯಾವುದು, ಗಬ್ಬ ಯಾವುದು ಎಂದು ಹೇಳುತ್ತಿದ್ದ. ಸೊಸೆಯ ಸೈಕಲ್ ಟೈರಿನ ಉಬ್ಬುಗಳು ಮಣ್ಣಿನಲ್ಲಿ ಒತ್ತಿದ ಗುರುತು ಅವನಿಗೆ ಮೊದಲ ದಿನವೇ ಜಡೆಯಂತೆ ಕಂಡಿತ್ತು. "ನಿನ್ ಸೈಕಲ್ಲು ನೆಲಕ್ಕೆ ಜಡೆ ಹಾಕ್ಕೊಂಡು ಹೋಗ್ತೈತಲ್ಲವ್ವ" ಎಂದಿದ್ದ. ಆಮೇಲೆ ಹಟ್ಟಿಯಲ್ಲೆಲ್ಲ ಅದೇ ಹೆಸರು, ಜಡೆ ಜಾಡು.

ಹೆರಿಗೆಯಾದಾಗ ಸೈಕಲ್ಲಿನ ಕಥೆ ಮುಗಿಯಿತೆಂದುಕೊಂಡರು. ಅದನ್ನು ಹಗ್ಗ ಕಟ್ಟಿ ಮಾಡಿಗೆ ನೇತುಹಾಕಿದರು. ಕೋಳಿಯೊಂದು ಸೀಟಿನ ಮೇಲೆ ಕೂರುವುದನ್ನು ರೂಢಿ ಮಾಡಿಕೊಂಡಿತು. ಮಗಳು ಸೂರಿ ಅಂಬೆಗಾಲಿಡಲು ಕಲಿತ ವಾರವೇ ಶಿಲ್ಪ ಕೋಳಿಯನ್ನು ಓಡಿಸಿ ಸೈಕಲ್ಲನ್ನು ಕೆಳಗಿಳಿಸಿ, ಚೈನಿಗೆ ಎಣ್ಣೆ ಬಿಡತೊಡಗಿದಳು. ಅತ್ತೆ ದೊಡ್ಡಕ್ಕ ಬಾಗಿಲಿಗೆ ಅಡ್ಡ ನಿಂತಳು.

"ಹಾಲು ಕುಡ್ಸೋಳು ಕಣೇ ನೀನು. ಆ ಕೊರಕಲಾಗೆ ದಡಬಡ ಬಿದ್ರೆ ಎದೆ ಹಾಲು ಕಲಕ್ಹೋಗ್ತೈತೆ!"

"ಕಲಕಿದ್ರೆ ಮಜ್ಜಿಗೆ ಆಗ್ತೈತೆ ಬಿಡ್ರಿ ಅತ್ತೆ. ಬೇಸ್ಗೆ ಬೇರೆ ಬರ್ತೈತೆ."

ದೊಡ್ಡಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. ನಕ್ಕರೆ ಸೋತಂತೆ ಎಂದು ಅವಳಿಗೆ ಗೊತ್ತಿತ್ತು. ಆದರೂ ನಕ್ಕಳು.

ಅಂದಿನಿಂದ ಮಗು ಏಳುವ ಮುಂಚಿನ ಆ ಒಂದಿಷ್ಟು ಹೊತ್ತು ಶಿಲ್ಪಳದಾಯಿತು. ಕಾವಲಿನ ಒಂದು ಪಾಲಿಗೆ ಸರ್ಕಾರದ ಉದ್ದನೆ ಗೋಡೆ ಎದ್ದು ಹಳೆಯ ಬಂಡಿದಾರಿಗಳು ಮುಚ್ಚಿದ್ದವು. ಗೋಡೆಯ ಹೊರಗೆ ಉಳಿದದ್ದು ಕುರಿಗಳು ತುಳಿದು ಮಾಡಿದ ಕಾಲುಹಾದಿಗಳು. ಅವೇ ಅವಳ ರಸ್ತೆ. ಜಾಲಿಮುಳ್ಳಿಗೆ ಹೆದರಿ ಟ್ಯೂಬಿನೊಳಗೆ ಅಂಟು ತುಂಬಿಸಿಕೊಂಡು ಬಂದಿದ್ದಳು. "ಬಿಲ್ಕುಲ್ ಪಂಚರ್ ಆಗಲ್ಲ" ಅಂದಿದ್ದ ಚಳ್ಳಕೆರೆಯ ಅಂಗಡಿಯವನ ಮಾತು ಮೊದಲ ವಾರವೇ ಸುಳ್ಳಾಯಿತು. ಪಂಚರ್ ಹಾಕುವುದನ್ನು ಕಲಿತಳು. ತಂಗಡಿ ಗಿಡಗಳ ಸಂದಿನಲ್ಲಿ ನುಗ್ಗಿದರೆ ಮೊಲ ಚಂಗನೆ ಎದ್ದು ಓಡುತ್ತಿತ್ತು. ಟಿಟ್ಟಿಭ ತಲೆಯ ಮೇಲೆ ಹಾರುತ್ತ ಸವತಿಯಂತೆ ಬೈಯುತ್ತಿತ್ತು. ಕೃಷ್ಣಮೃಗಗಳು ಮಾತ್ರ ಓಡುತ್ತಿರಲಿಲ್ಲ. ತಲೆಯೆತ್ತಿ ಇವಳು ಸಾಗುವುದನ್ನೇ ನೋಡಿ ಮತ್ತೆ ಮೇಯುತ್ತಿದ್ದವು. ಎಲ್ಲಿಗೆ ಎಂದು ಕೇಳದಿದ್ದವು ಅವಷ್ಟೇ.

ಚಳಿ ಕಳೆಯುವ ಮುಂಚೆ ಒಂದು ಬೆಳಿಗ್ಗೆ ಕೆಂಪುಮಣ್ಣಿನ ಕೊರಕಲೊಂದಕ್ಕೆ ಇಳಿದವಳು ಗಕ್ಕನೆ ಬ್ರೇಕ್ ಹಿಡಿದಳು. ಎದುರಿನ ದಿಬ್ಬದ ಮಗ್ಗುಲಲ್ಲಿ ಒಂದು ಗುದ್ದು, ಆಳದ ಬಿಲ. ಅದರ ಬಾಯಲ್ಲಿ ಹೆಣ್ಣು ತೋಳ ನಿಂತಿತ್ತು. ಬಡಕಲು ಮೈ, ಜೋತುಬಿದ್ದ ಮೊಲೆ. ಅದರ ಕಾಲ ಕೆಳಗೆ ಮಣ್ಣಿನ ಬಣ್ಣದ ಮರಿಗಳು. ಒಂದರ ಬಾಯಲ್ಲಿ ಎಲ್ಲಿಂದಲೋ ತಂದ ಹರಕು ಚಪ್ಪಲಿ, ಅದನ್ನೆಳೆಯಲು ಇನ್ನೊಂದರ ಹಟ. ತೋಳ ಇವಳನ್ನು ನೋಡಿತು. ಇವಳು ತೋಳವನ್ನು ನೋಡಿದಳು. ಅಷ್ಟು ಹೊತ್ತಿಗೆ ಮನೆಯಲ್ಲಿ ಸೂರಿ ಏಳುವ ವೇಳೆಯಾಗಿತ್ತು. ಮಗುವಿಗಿಂತ ಮೊದಲು ಶಿಲ್ಪಳ ಎದೆಗೆ ಅದು ಗೊತ್ತಾಗಿ ಬಟ್ಟೆ ಒದ್ದೆಯಾಯಿತು. ಸದ್ದಿಲ್ಲದೆ ಸೈಕಲ್ ತಿರುಗಿಸಿಕೊಂಡು ಬಂದಳು.

ಮಾರನೆಯ ದಿನವೂ ಹೋದಳು. ಅದರ ಮಾರನೆಯ ದಿನವೂ. ದೂರದ ಕಾರೆಗಿಡದ ಮರೆಯಲ್ಲಿ ಸೈಕಲ್ ಒರಗಿಸಿ ಸ್ವಲ್ಪ ಹೊತ್ತು ನೋಡಿ ಬರುತ್ತಿದ್ದಳು. ಯಾರಿಗೂ ಒಂದು ಮಾತು ಹೇಳಲಿಲ್ಲ. ಬಾಯಿ ಕಟ್ಟಿಕೊಂಡವಳು ಗಾಲಿ ಬಿಟ್ಟ ಜಾಡನ್ನು ಮರೆತಳು.

ಅದೇ ವಾರ ನೆರೆಯ ತಿಪ್ಪಯ್ಯನ ಕುರಿರೊಪ್ಪಕ್ಕೆ ತೋಳ ನುಗ್ಗಿ ಮರಿಗಳನ್ನು ಹೊತ್ತೊಯ್ದಿತು. ಆಮೇಲೆ ಜುಂಜಣ್ಣನ ಒಂದು ಮರಿಯೂ ಹೋಯಿತು, ಸೂರಿ ಕಿವಿ ಹಿಡಿದು ಆಡುತ್ತಿದ್ದ ಬಿಳಿಮರಿ. ಸಂಜೆ ತಿಪ್ಪಯ್ಯ ಜುಂಜಣ್ಣನ ಜಗಲಿಯ ಮೇಲೆ ಕೂತು ಚಾ ಕುಡಿಯುತ್ತ ತೋಳದ ಏಳು ತಲೆಮಾರನ್ನೂ ಬೈದ. ಗುದ್ದು ಹುಡುಕಿ, ಬಾಯಿಗೆ ಹುಲ್ಲು ತುರುಕಿ, ಮೆಣಸಿನಕಾಯಿ ಹೊಗೆ ಹಾಕಿ, ಕಲ್ಲು ಮುಚ್ಚಿಬಿಡುವುದೆಂದು ತೀರ್ಮಾನವಾಯಿತು.

"ಗುದ್ದು ಎಲ್ಲಿ ಅಂತ ಹುಡುಕ್ತೀಯಾ ಈ ಕಾವಲ್ನಾಗೆ?" ಎಂದ ತಿಪ್ಪಯ್ಯ.

"ಹುಡುಕೋದೇನ್ಲೇ? ನಮ್ ಸೊಸೆ ಜಡೆ ಹಿಡ್ಕೊಂಡು ಹೋದ್ರೆ ಸಾಕು" ಎಂದ ಜುಂಜಣ್ಣ, ಒಳಗೆ ಕೇಳಲೆಂದೇ. "ದಿನಾ ಒಂದೇ ಕಾರೆಗಿಡದ ತಾವ ನಿಂತು ಬರ್ತಾಳೆ. ಅಲ್ಲೇನು ಇವಳ ತವ್ರುಮನೆ ಐತಾ? ನಾಳೆ ಬೆಳಿಗ್ಗೆ ಬಾ."

ಒಳಗೆ ಸೂರಿಗೆ ರಾಗಿಸರಿ ತಿನ್ನಿಸುತ್ತಿದ್ದ ಶಿಲ್ಪಳ ಕೈ ನಿಂತಿತು. ಮಗು ಬಾಯಿ ತೆರೆದುಕೊಂಡೇ ಕಾಯಿತು.

ಊಟಕ್ಕೆ ಕೂತಾಗ ಅವಳೇ ಮಾತೆತ್ತಿದಳು. "ಮಾವ, ಹೊಗೆ ಹಾಕೋದು ಬೇಡ. ಅಲ್ಲಿ ಮರಿ ಅವೆ."

"ನಮ್ದೂ ಮರೀನೇ ಹೋಗಿದ್ದು."

 ಬಿಳಿಮರಿಗಾಗಿ ಅವಳೂ ಅತ್ತಿದ್ದಳು. ಅರಣ್ಯದವರಿಗೆ ಒಂದು ಫೋನ್ ಮಾಡಿದರೆ ಕೆಲಸವಾಗುತ್ತಿತ್ತು. ಆಮೇಲೆ ಮಾವನನ್ನು ಠಾಣೆಯಿಂದ ಬಿಡಿಸಿಕೊಂಡು ಬರುವವಳೂ ತಾನೇ. ಮನೆಯ ಜಗಳವನ್ನು ಮನೆಯಲ್ಲೇ ಗೆಲ್ಲಬೇಕಿತ್ತು.

ದೊಡ್ಡಕ್ಕ ಮುದ್ದೆ ಬಡಿಸುತ್ತ ಯಾರಿಗೋ ಎಂಬಂತೆ ಹೇಳಿದಳು. "ನಮ್ಮವ್ವ ಹೇಳ್ತಿದ್ಲು. ತೋಳ ಅಂದ್ರೆ ಕುರಿಗಾರನ ತಮ್ಮನಂತೆ. ಪಾಲು ಕೇಳಿದ್ದಕ್ಕೆ ಅಣ್ಣ, ಮರಿ ದೊಡ್ಡವಾಗ್ಲಿ ತಡಿ, ಕೊಡ್ತೀನಿ ಅಂದ್ನಂತೆ. ಕೊಡ್ಲೇ ಇಲ್ಲ. ಅದ್ಕೇ ಈಗ ತಾನೇ ಬಂದು ಮರೀನೇ ತಗಂಡೋಗ್ತಾನೆ. ದಾಯಾದಿ ಅವ್ನು."

"ದಾಯಾದಿ ಆದ್ರೆ ಕೋರ್ಟಿಗೆ ಬರ್ಲಿ, ರೊಪ್ಪಕ್ಕೆ ಯಾಕ್ ಬರ್ತಾನೆ?" ಎಂದು ಜುಂಜಣ್ಣ ಕೈ ತೊಳೆದ.

"ನಾನಂತೂ ದಾರಿ ತೋರ್ಸಲ್ಲ" ಎಂದಳು ಶಿಲ್ಪ.

"ನೀನು ತೋರ್ಸೋದು ಬೇಡವ್ವ. ನಿನ್ ಗಾಲಿ ತೋರ್ಸಿ ಆಗೈತೆ."

ಬೆಳಗಿನ ಬೆಳಕು ಹರಿಯುತ್ತಿದ್ದಂತೆ ಶಿಲ್ಪ ನಿದ್ದೆಗಣ್ಣಿನ ಸೂರಿಗೆ ಒಂದಿಷ್ಟು ಹಾಲೂಡಿಸಿ ಅತ್ತೆಯ ಕೈಗೆ ಕೊಟ್ಟು, ಚೂಡಿದಾರದ ವೇಲನ್ನು ಸೊಂಟಕ್ಕೆ ಬಿಗಿದು ಸೈಕಲ್ ಎಳೆದಳು.

"ಎಲ್ಲಿಗೆ?" ಎಂದಳು ದೊಡ್ಡಕ್ಕ.

"ಎಲ್ಲಾ ಕಡೆಗೂ."

ದೊಡ್ಡಕ್ಕ ಗಾಲಿಯನ್ನು ನೋಡಿದಳು, ಸೊಸೆಯ ಮುಖ ನೋಡಿದಳು. "ನಿನ್ ಮಾವಂಗೆ ಹಸಿ ಜಾಡ್ಯಾವ್ದು, ಒಣ ಜಾಡ್ಯಾವ್ದು ಗೊತ್ತಾಗ್ತೈತೆ ಕಣೇ."

"ಗೊತ್ತಾಗ್ಲಿ. ಒಸಿ ಹೊತ್ತಾದ್ರೂ ಹಿಡೀತೈತಲ್ಲ."

ಅಂದು ಅವಳು ತುಳಿದಂತೆ ಆ ಕಾವಲಿನಲ್ಲಿ ಯಾರೂ ಸೈಕಲ್ ತುಳಿದಿರಲಿಕ್ಕಿಲ್ಲ. ಒಂದೊಂದು ಕಾಲುಹಾದಿಗೂ ಜಡೆ ಹೆಣೆದಳು. ಗಿಡ ಕಂಡಲ್ಲೆಲ್ಲ ಸುತ್ತು ಹಾಕಿದಳು, ಕೊರಕಲು ಕಂಡಲ್ಲೆಲ್ಲ ಇಳಿದು ಹತ್ತಿದಳು. ಕಾರೆಗಿಡ ಸಿಕ್ಕಲ್ಲೆಲ್ಲ ಸೈಕಲ್ ಒರಗಿಸಿ, ನಿಂತು ನೋಡಿದವಳಂತೆ ಕಾಲು ಊರಿ ಗುರುತು ಬಿಟ್ಟಳು. ಮಲಗಿದ್ದ ಗುಳ್ಳೆನರಿಯೊಂದು ಎದ್ದು, ಇವಳು ಅದೇ ಪೊದೆಗೆ ಎರಡನೆಯ ಸಲ ಬಂದಾಗ ಬೇಸತ್ತು ಜಾಗ ಬಿಟ್ಟಿತು. ಕೃಷ್ಣಮೃಗಗಳೂ ಆ ದಿನ ಹಾರಿದವು, ಸಾಲಾಗಿ, ನೆಲ ಮುಟ್ಟಲು ಮನಸ್ಸಿಲ್ಲದವರಂತೆ. ಉಸಿರು ಕಟ್ಟಿದಾಗ "ಹಿಡೀರಿ ನೋಡಾನ, ಎಷ್ಟು ಜಡೆ ಹಿಡೀತೀರಿ" ಎಂದು ಗಾಳಿಗೆ ಕೂಗಿದಳು.

ದಿಬ್ಬದ ಮೇಲೆ ನಿಂತು ನೋಡಿದಾಗ ಹುಲ್ಲಿನ ಹೊರೆ, ಗುದ್ದಲಿ ಹಿಡಿದು ಗಂಡಸರು ಬರುತ್ತಿದ್ದರು. ಮುಂದೆ ಜುಂಜಣ್ಣ. ಅವನು ಬಗ್ಗಿ ಒಂದು ಜಾಡು ಮುಟ್ಟಿದ, ಇನ್ನೊಂದು ಮುಟ್ಟಿದ. ಇಬ್ಬನಿಯಲ್ಲಿ ಒತ್ತಿದ ಹಸಿ ಗುರುತನ್ನೆಲ್ಲ ಬಿಟ್ಟು, ನಿನ್ನೆಯ ಒಣ ಗುರುತು ಹಿಡಿದು ನೇರ ಕೊರಕಲಿನ ಕಡೆ ತಿರುಗಿದ. ಅವಳ ಬೆಳಗಿನ ಪಾಡೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಶಿಲ್ಪ ಗೇರ್ ಬದಲಿಸಿ ಇಳಿಜಾರಿಗೆ ಬಿದ್ದಳು. ಅಡ್ಡದಾರಿಯಲ್ಲಿ ಹಿಂದಿನ ಗಾಲಿ ಮುಳ್ಳಿಗೆ ಸಿಕ್ಕಿ ಉಸ್ಸೆಂದಿತು. ಬರೀ ರಿಮ್ಮಿನ ಮೇಲೆಯೇ ದಡದಡ ಓಡಿಸಿದಳು.

ಕೊರಕಲಿನ ಹತ್ತಿರ ಬಂದವಳಿಗೆ ಕಂಡದ್ದು ಕುರಿಗಳು. ಹಾದಿಯ ತುಂಬ ಜುಂಜಣ್ಣನ ಹಿಂಡೇ ಹರಡಿಕೊಂಡಿತ್ತು. ನಿನ್ನೆಯ ಜಡೆಯನ್ನು ನೂರಾರು ಗೊರಸುಗಳು ಬಿಚ್ಚಿ ಕೆದರಿದ್ದವು. ನಡುವೆ ಸೂರಿಯನ್ನು ಸೊಂಟಕ್ಕಿಟ್ಟುಕೊಂಡು, ಗಂಡನ ಕೋಲನ್ನೇ ಹಿಡಿದು ದೊಡ್ಡಕ್ಕ ನಿಂತಿದ್ದಳು.

ಜುಂಜಣ್ಣ ಜಾಡು ಕಳೆದುಕೊಂಡು ನಿಂತ. "ಹಿಂಡು ಯಾರು ಬಿಟ್ಟಿದ್ದು?"

"ನಾನೇ. ಹಸಿದಿದ್ವು."

"ಇಲ್ಲಿಗೇ ಯಾಕೆ ಹೊಡ್ಕೊಂಡ್ ಬಂದೆ?"

"ಕುರಿ ಮುಂದೆ ಹೋದ್ವು, ನಾನು ಹಿಂದೆ ಬಂದೆ. ನೀನೇ ಹೇಳ್ತಿಯಲ್ಲ, ಕುರೀಗೆ ಗೊತ್ತೈತೆ ಮೇವು ಎಲ್ಲೈತೆ ಅಂತ."

ತಿಪ್ಪಯ್ಯನಿಗೆ ತಾಳ್ಮೆ ತಪ್ಪಿತು. "ಜಾಡು ಹೋದ್ರೆ ಹೋಗ್ಲಿ, ಇದೇ ಕೊರಕಲು ಅಂತ ಗೊತ್ತಾತಲ್ಲ. ಇಳೀರಿ" ಎಂದು ಹುಲ್ಲಿನ ಹೊರೆ ಎತ್ತಿದ.

ಕೊರಕಲಿಗೆ ಇಳಿಯುವ ಹಾದಿ ಒಬ್ಬರು ನಡೆಯುವಷ್ಟೇ ಅಗಲ. ಶಿಲ್ಪ ಸೈಕಲ್ಲನ್ನು ಅದರ ಬಾಯಿಗೆ ಅಡ್ಡ ಮಲಗಿಸಿದಳು. ಅಮ್ಮನನ್ನು ಕಂಡ ಸೂರಿ ಅಳತೊಡಗಿದ್ದಳು. ಅತ್ತೆಯ ಕೈಯಿಂದ ಮಗುವನ್ನು ಎತ್ತಿಕೊಂಡು, ಸೈಕಲ್ಲಿನ ಪಕ್ಕ ಹಾದಿಯ ನಟ್ಟನಡುವೆ ಚಕ್ಕಂಬಕ್ಕಳ ಹಾಕಿ ಕೂತು, ವೇಲು ಮರೆ ಮಾಡಿಕೊಂಡು ಹಾಲೂಡಿಸತೊಡಗಿದಳು.

ಗಂಡಸರು ಥಟ್ಟನೆ ಬೇರೆ ಕಡೆ ತಿರುಗಿದರು. ಹಾಲು ಕುಡಿಸುವವಳನ್ನು ದಾಟಿ ಹೋಗುವುದು ಆ ಹಟ್ಟಿಯಲ್ಲಿ ಯಾವ ಗಂಡಸೂ ಮಾಡದ ಕೆಲಸ. ಮಗುವಿಗೆ ದೃಷ್ಟಿ, ದಾಟಿದವನಿಗೆ ದೋಷ. ತಿಪ್ಪಯ್ಯ ಹೊರೆ ಹೊತ್ತುಕೊಂಡೇ ಕಾವಲಿನ ಗೋಡೆಯ ಕಡೆ ಮುಖ ಮಾಡಿ ನಿಂತ.

"ಜುಂಜಣ್ಣ, ನಿಮ್ಮನೆ ಹೆಂಗಸರಿಗೆ ಒಂದ್ ಮಾತು ಹೇಳಕ್ಕಾಗಲ್ವಾ?"

"ನಿಂಗಾಗ್ತೈತಾ? ಹೇಳು ಅತ್ಲಾಗೆ." ಜುಂಜಣ್ಣ ಬೆನ್ನು ತಿರುಗಿಸಿಯೇ ಕೂಗಿದ, "ಎಷ್ಟೊತ್ತಮ್ಮ?"

"ಅವಳನ್ನೇ ಕೇಳ್ರಿ ಮಾವ, ನಿಮ್ ಮೊಮ್ಮಗಳ್ನ" ಎಂದಳು ಶಿಲ್ಪ.

ಸೂರಿಗೆ ಆತುರವಿರಲಿಲ್ಲ. ಕುಡಿದಳು, ಬಿಟ್ಟಳು, ಕುರಿಗಳನ್ನು ನೋಡಿದಳು, ಮತ್ತೆ ಕುಡಿದಳು, ಸೈಕಲ್ಲಿನ ಗಂಟೆಗೆ ಕೈ ಚಾಚಿ ಟ್ರಿಣ್ ಎನಿಸಿದಳು. ಬಿಸಿಲೇರಿತು. ರೊಪ್ಪದಲ್ಲಿ ಕೂಡಿಹಾಕಿದ್ದ ತಿಪ್ಪಯ್ಯನ ಕುರಿಗಳ ಅರಚಾಟ ಅಲ್ಲಿಗೂ ಕೇಳತೊಡಗಿತು. ಅವನು ಹೊರೆಯನ್ನು ದೊಪ್ಪನೆ ಎತ್ತಿಹಾಕಿ, ಯಾರನ್ನೋ ಬೈಯುತ್ತ ಹಟ್ಟಿಯ ಕಡೆ ನಡೆದ. ಉಳಿದವರೂ ಹಿಂದೆಯೇ ಹೋದರು. ಜುಂಜಣ್ಣ ಮಾತ್ರ ಉಳಿದ, ಬೆನ್ನು ಹಾಗೆಯೇ ತಿರುಗಿಸಿಕೊಂಡು.

"ಇವತ್ತು ಕೂತೆ. ದಿನಾ ಬಂದು ಕೂರ್ತೀಯಾ?"

"ಕೂರ್ತೀನಿ."

"ಇನ್ನೊಂದು ಮರಿ ಹೋದ್ರೆ?"

"ಮರಿ ಎಲ್ಲಾ ಮನೆ ಒಳಕ್ಕೆ ಕಟ್ರಿ. ತಿಪ್ಪಯ್ಯಂದೂ ತರ್ಲಿ. ಹಿಕ್ಕೆ ಪಿಚ್ಕೆ ನಾನು ಬಳೀತೀನಿ. ರೊಪ್ಪದ ಬೇಲಿ ನಿಮ್ ಮಂಡಿವರ್ಗೂ ಇಲ್ಲ, ತೋಳ ಯಾಕ್ ಬರಲ್ಲ? ಎತ್ತರ ಮಾಡ್ರಿ."

"ಆಮೇಲೂ ಹೋದ್ರೆ ಆ ಸೈಕಲ್ಲು ತಿಪ್ಪೆಗೆ."

"ಹೋದಾಗ ನೋಡಾನ."

ಮರಿಗಳು ನಡುಮನೆಗೆ ಬಂದವು. ಮನೆಯೆಲ್ಲ ಹಿಕ್ಕೆಯ ವಾಸನೆ. ಸೂರಿ ಅವುಗಳ ಜೊತೆ ಮಲಗಿ, ಅವುಗಳ ಜೊತೆ ಎದ್ದಳು. ಶಿಲ್ಪ ದಿನವೂ ಪಿಚಿಕೆ ಬಳಿದಳು, ಗೊಣಗಲಿಲ್ಲ. ಪಂಚರ್ ಹಾಕಿ ಮತ್ತೆ ಹೋದಾಗ ಗುದ್ದು ಖಾಲಿಯಿತ್ತು. ಜನ ಮೂಸಿದ ಜಾಗವೆಂದು ತೋಳ ಮರಿಗಳನ್ನು ಕಚ್ಚಿಕೊಂಡು ಬೇರೆಡೆ ಸಾಗಿಸಿತ್ತು. ಹರಕು ಚಪ್ಪಲಿ ಮಾತ್ರ ಅಲ್ಲೇ ಬಿದ್ದಿತ್ತು. ಹೊಸ ಗುದ್ದನ್ನು ಅವಳು ಹುಡುಕಲಿಲ್ಲ.

ಅಂದು ತಿರುಗಿ ಬಂದಾಗ ಜುಂಜಣ್ಣ ಜಾಲಿಮುಳ್ಳು ಕಡಿದು ತಂದು ರೊಪ್ಪದ ಬೇಲಿಯ ಮೇಲೆ ಹೇರುತ್ತಿದ್ದ. ಬೇಲಿ ಅವನ ಎದೆಯ ಮಟ್ಟಕ್ಕೆ ಬಂದಿತ್ತು. ಸೊಸೆಯ ಮುಖ ನೋಡಲಿಲ್ಲ, ಗಾಲಿಗೆ ಅಂಟಿದ ಕೆಮ್ಮಣ್ಣು ನೋಡಿದ.

"ನೀನು ಅದೇ ಕೊರಕಲಿಗೆ ಹೋಗಿದ್ದೆ."

ಅವಳು ಸೈಕಲ್ಲಿನಿಂದ ಇಳಿದಳು.

"ಅದೇ ದಾರಿ, ಅದೇ ಕಾರೆಗಿಡ. ಥೂ. ಬಚ್ಚಿಡೋದು ಇದ್ದೋಳು ದಿನಾ ಒಂದೇ ದಾರೀಲಿ ಹೋಗ್ತಾಳಾ? ಕಳ್ಳಿ ಆಗಕ್ಕೂ ಲಾಯಕ್ಕಿಲ್ಲ ನೀನು." ಮುಳ್ಳಿನ ಕೊಂಬೆಯೊಂದನ್ನು ಕಾಲಿನಿಂದ ಅವಳ ಕಡೆ ತಳ್ಳಿದ. "ಆ ಕಡೆಯಿಂದ ಹಿಡಿ."

ಶಿಲ್ಪ ಸೈಕಲ್ಲನ್ನು ಮನೆಯ ಗೋಡೆಗೆ ಒರಗಿಸಿ ಬಂದು ಕೊಂಬೆ ಹಿಡಿದಳು.

"ನಾಳೆ ಕಾವಲಿನ ಗೋಡೆ ಪಕ್ಕದಿಂದ ಹೋಗ್ತೀನಿ ಮಾವ."

"ಎಲ್ಲಿಗೆ?"

"ಎಲ್ಲಿಗೂ ಇಲ್ಲ."