ಐದನೇ ಮುಖ

ಮಾರ್ಲಿ ಕುಬಿಯಾಕ್ ಹುಟ್ಟಿದ್ದೇ ಪ್ರಶ್ನೆ ಕೇಳುವುದಕ್ಕೆ ಎಂದು ಅವಳ ಮನೆಯಲ್ಲಿ ಎಲ್ಲರೂ ಒಪ್ಪಿದ್ದರು. ಕೆಲವರು ಹೆಮ್ಮೆಯಿಂದ, ಹೆಚ್ಚಿನವರು ತಲೆ ಚಚ್ಚಿಕೊಂಡು. ಅಪ್ಪ ವಿಸ್ಕಾನ್ಸಿನ್ನಿನ ಡೈರಿಗಳಲ್ಲಿ ಹಾಲು ಕರೆಯುವ ಯಂತ್ರ ರಿಪೇರಿ ಮಾಡುವವನು. ಮನೆಯಲ್ಲಿ ಊಟಕ್ಕೆ ಕೂತರೆ ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು, ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲ. ಮಾರ್ಲಿ ಸಣ್ಣವಳಿದ್ದಾಗ ಪಕ್ಕದ ಮನೆಯ ಮುದುಕ ತೀರಿಕೊಂಡ. ಶವಪೆಟ್ಟಿಗೆಯ ಮುಂದೆ ನಿಂತಿದ್ದ ಅವನ ಹೆಂಡತಿಯನ್ನು ಈ ಹುಡುಗಿ, "ನಿಮಗೆ ದುಃಖ ಆಗಿದ್ಯಾ, ಇಲ್ಲಾ ಸುಸ್ತಾಗಿದ್ಯಾ?" ಎಂದು ಕೇಳಿಬಿಟ್ಟಳು. ಅಮ್ಮ ತೊಡೆ ಚಿವುಟಿದಳು. ವಿಧವೆ ಮಾತ್ರ ಕರ್ಚೀಫಿನ ಮರೆಯಲ್ಲಿ ನಕ್ಕು, "ಸುಸ್ತು ಕಣಮ್ಮಾ, ಮದುವೆ ದಿನದಿಂದ ಸುಸ್ತು," ಎಂದಳು. ಊರಲ್ಲಿ ಆ ವರ್ಷ ಯಾರಾದರೂ ಹೇಳಿದ ಸತ್ಯ ಅದೊಂದೇ ಇರಬೇಕು.

ಇಂಥವಳು ಲಾರ್ಕ್‌ಫೀಲ್ಡ್ ಕಾಲೇಜು ಸೇರಿದ ಮೇಲೆ ಅಲ್ಲಿನ ವಾರಪತ್ರಿಕೆ 'ಬ್ಯೂಗಲ್' ಅವಳಿಗೆ 'ಐದು ಮುಖ' ಅಂಕಣ ಕೊಟ್ಟದ್ದರಲ್ಲಿ ಆಶ್ಚರ್ಯವಿಲ್ಲ. ಒಂದು ಪ್ರಶ್ನೆ, ಐದು ವಿದ್ಯಾರ್ಥಿಗಳು, ಐದು ಫೋಟೋ, ಕೆಳಗೆ ಅವರವರ ಮಾತು. ಪತ್ರಿಕೆಯಲ್ಲಿ ಜನ ಓದುತ್ತಿದ್ದದ್ದು ಅದೊಂದನ್ನೇ. ಸಂಪಾದಕೀಯವನ್ನು ಸಂಪಾದಕನ ಅಮ್ಮ ಓದುತ್ತಿದ್ದಳು.

ಅಂಕಣಕ್ಕೊಂದು ಕಟ್ಟುನಿಟ್ಟಿನ ನಿಯಮವಿತ್ತು. ಮೆಸ್ಸಿನ ಮುಂಬಾಗಿಲಿನಿಂದ ಹೊರಬಂದವರನ್ನು ಬಂದ ಕ್ರಮದಲ್ಲೇ ಕೇಳಬೇಕು. ಒಪ್ಪಿದವರ ಮಾತನ್ನು ಒಂದಕ್ಷರ ಬದಲಿಸದೆ, ಅದೇ ಕ್ರಮದಲ್ಲಿ ಅಚ್ಚು ಹಾಕಬೇಕು. ಬೇಕಾದವರನ್ನು ಕರೆತರುವಂತಿಲ್ಲ, ಬೇಡದವರನ್ನು ಬಿಡುವಂತಿಲ್ಲ. ಹಿಂದೊಬ್ಬ ಸಂಪಾದಕ ಒಂದೇ ವಾರ ತನ್ನ ಐವರು ಗೆಳತಿಯರನ್ನೂ ಹಾಕಿ, ಅವರು ಒಬ್ಬರ ವಿಷಯ ಒಬ್ಬರು ಪತ್ರಿಕೆಯಲ್ಲೇ ತಿಳಿದುಕೊಂಡು, ಕಚೇರಿಯ ಕಿಟಕಿ ಗಾಜು ಪುಡಿಯಾದ ಮೇಲೆ ಬಂದ ನಿಯಮ ಅದು. ಮಾರ್ಲಿಗೆ ಅದು ವೇದವಾಕ್ಯ. ಡೀನ್ ಸಾಹೇಬರ ತಂಗಿಯ ಮಗ ಬಾಗಿಲಲ್ಲಿ ನಿಂತು ಕಾಲೇಜನ್ನು ಬಾಯಿಗೆ ಬಂದಂತೆ ಬೈದಾಗ, ಅದನ್ನು ತೆಗೆಯಲು ಎಷ್ಟು ಒತ್ತಡ ಬಂದರೂ ಅವಳು ಜಗ್ಗಿರಲಿಲ್ಲ.

ಆ ಶರತ್ಕಾಲ ದೇಶದ ಅಧ್ಯಕ್ಷರ ಚುನಾವಣೆ. ಮಂಗಳವಾರದ ಟಿವಿ ಚರ್ಚೆಯಲ್ಲಿ ಸಭಿಕರ ಸಾಲಿನಿಂದ ಒಬ್ಬ ಕಾಲೇಜು ಹುಡುಗಿ ಎದ್ದು, ಕ್ಯಾಂಪಸ್ಸುಗಳಲ್ಲಿ ನಡೆಯುತ್ತಿರುವ ಲೈಂಗಿಕ ದೌರ್ಜನ್ಯದ ಬಗ್ಗೆ ಏನು ಮಾಡುತ್ತೀರಿ ಎಂದು ಕೇಳಿದಳು. ಒಬ್ಬ ಅಭ್ಯರ್ಥಿ ತನಗೂ ಹೆಣ್ಣುಮಕ್ಕಳಿದ್ದಾರೆ ಎಂದ. ಇನ್ನೊಬ್ಬ ತನ್ನ ಹೆಣ್ಣುಮಕ್ಕಳು ಅದಕ್ಕಿಂತ ಹೆಚ್ಚು ಎಂಬಂತೆ ಮಾತಾಡಿದ. ಇಬ್ಬರೂ ಅಡ್ಡಗೋಡೆಯ ಮೇಲೆ ದೀಪ ಇಟ್ಟು ಬೇಗಬೇಗ ತೆರಿಗೆಯ ಕಡೆಗೆ ಹೊರಟುಹೋದರು. ಕೇಳಿದ ಹುಡುಗಿ ಮೈಕು ಹಿಡಿದುಕೊಂಡು ನಿಂತೇ ಇದ್ದಳು.

ಬುಧವಾರ ಮಧ್ಯಾಹ್ನ ಮಾರ್ಲಿ ಮೆಸ್ಸಿನ ಬಾಗಿಲಲ್ಲಿ ಕ್ಯಾಮೆರಾ ನೇತುಹಾಕಿಕೊಂಡು ನಿಂತಳು. ಆ ವಾರದ ಪ್ರಶ್ನೆ: "ಆ ಹುಡುಗಿಯ ಜಾಗದಲ್ಲಿ ನೀವಿದ್ದಿದ್ದರೆ ಅಭ್ಯರ್ಥಿಗಳನ್ನು ಏನು ಕೇಳುತ್ತಿದ್ದಿರಿ?"

ಮೊದಲು ಬಂದವಳು ಹಾಕಿ ತಂಡದ ಗೋಲ್‌ಕೀಪರ್. "ಇಬ್ಬರೂ 'ನನಗೂ ಹೆಣ್ಣುಮಕ್ಕಳಿದ್ದಾರೆ' ಅಂದ್ರಲ್ಲ, ಬರೀ ಗಂಡುಮಕ್ಕಳೇ ಇದ್ದಿದ್ರೆ ಏನ್ ಹೇಳ್ತಿದ್ರಿ ಅಂತ ಕೇಳ್ತಿದ್ದೆ."

ಎರಡನೆಯವಳು ರಸಾಯನಶಾಸ್ತ್ರದವಳು. "ಕಾಲೇಜು ನಮಗೆಲ್ಲಾ ಒಂದೊಂದು ಸೀಟಿ ಕೊಟ್ಟಿದೆ. ಊದಿದ್ರೆ ಯಾರ್ ಬರ್ತಾರೆ ಅಂತ ಕೇಳ್ತಿದ್ದೆ."

ಮೂರನೆಯವನು ಬಾಳೆಹಣ್ಣು ತಿನ್ನುತ್ತಿದ್ದ. "ನಾನು ಚರ್ಚೆ ನೋಡ್ಲಿಲ್ಲ. ಆದ್ರೂ ಇಬ್ಬರೂ ಸೋತ್ರು ಅನ್ಸತ್ತೆ. ಬರ್ಕೋ, ಬರ್ಕೋ."

ನಾಲ್ಕನೆಯವನು ಕೋಲ್ಟನ್ ರೀಸ್. ಅವನನ್ನು ಕಂಡದ್ದೇ ಮಾರ್ಲಿ ಕ್ಯಾಮೆರಾ ಕೆಳಗಿಳಿಸಿದಳು.

ಕೋಲ್ಟನ್ ಲಕ್ರಾಸ್ ತಂಡದ, ಅಂದರೆ ಜಾಲರಿ ಕೋಲಿನಲ್ಲಿ ಚೆಂಡಾಡುವವರ ನಾಯಕ. ಹಲ್ಲುಗಳು ಚೆನ್ನಾಗಿವೆ. ಕಳೆದ ವಸಂತದಲ್ಲಿ ಒಂದು ಪಾರ್ಟಿಯ ನಂತರ ಇವನು ಮಾರ್ಲಿಯ ಕೋಣೆಯ ಗೆಳತಿ ಟೆಸ್ಸಾ ಹಾಲ್ವರ್ಸನ್‌ಳ ಮೇಲೆ ಅತ್ಯಾಚಾರ ಮಾಡಿದ್ದ. ಅವಳು ಬೇಡ ಎಂದಿದ್ದಳು, ಒಂದು ಸಲವಲ್ಲ, ಹಲವು ಸಲ. ಟೆಸ್ಸಾ ಕಾಲೇಜಿಗೆ ದೂರು ಕೊಟ್ಟಳು. ಮುಚ್ಚಿದ ಬಾಗಿಲ ಹಿಂದೆ ಮೂವರು ಪ್ರೊಫೆಸರುಗಳು ಕೂತು ಹಾವೂ ಸಾಯದಂತೆ ಕೋಲೂ ಮುರಿಯದಂತೆ ವಿಚಾರಣೆ ನಡೆಸಿದರು. ಆದದ್ದು 'ಸಂವಹನದ ಕೊರತೆ' ಎಂದು ತೀರ್ಮಾನವಾಯಿತು. ಕೋಲ್ಟನ್‌ಗೆ ಶಿಕ್ಷೆಯೂ ಆಯಿತು: ಪರಸ್ಪರ ಗೌರವದ ಬಗ್ಗೆ ಒಂದು ಪ್ರಬಂಧ ಬರೆಯಬೇಕು. ಆ ಕಾಲೇಜಿನಲ್ಲಿ ಗ್ರಂಥಾಲಯದ ಪುಸ್ತಕ ಕಳೆದುಹಾಕಿದವರಿಗೆ ಇದಕ್ಕಿಂತ ಹೆಚ್ಚು ಕಷ್ಟ ಕೊಡುತ್ತಿದ್ದರು.

ಟೆಸ್ಸಾಳಿಗೆ ಸಿಕ್ಕಿದ್ದು ಸಲಹೆ. ಮುಖಾಮುಖಿಯಾಗುವುದು ಕಷ್ಟವೆನಿಸಿದರೆ ಮೆಸ್ಸಿಗೆ ಬೇರೆ ಹೊತ್ತಿನಲ್ಲಿ ಬರಬಹುದು ಎಂದರು. ಬೇರೆ ಹೊತ್ತಿನಲ್ಲಿ ಮೆಸ್ಸು ಮುಚ್ಚಿರುತ್ತಿತ್ತು. ಹಾಗಾಗಿ ಅವಳು ಕೋಣೆಯಲ್ಲೇ ಮೈಕ್ರೋವೇವಿನಲ್ಲಿ ಮ್ಯಾಕರೋನಿ ಬಿಸಿ ಮಾಡಿಕೊಂಡು ತಿನ್ನುತ್ತಿದ್ದಳು. ಅವಳಿಗೆ ಈ ಕಾಲೇಜಿನಲ್ಲಿ ನಿಜವಾಗಿ ಇಷ್ಟವಿದ್ದದ್ದು ಮೆಸ್ಸಿನ ವಾಫಲ್. ಕಾಲೇಜಿನ ಲಾಂಛನ ಅಚ್ಚೊತ್ತಿ ಬರುವ, ದಪ್ಪ ದೋಸೆಯಂಥ ಸಿಹಿತಿಂಡಿ, ಅದರ ಮೇಲೆ 'ಸತ್ಯವೇ ದಾರಿ' ಎಂದು ಲ್ಯಾಟಿನ್ನಿನಲ್ಲಿ. ವಾಫಲ್ ಯಂತ್ರದ ಪಕ್ಕದ ಮೇಜು ಲಕ್ರಾಸ್ ಹುಡುಗರದ್ದು. ಕ್ರಿಸ್‌ಮಸ್ಸಿಗೆ ಮನೆಗೆ ಹೋದರೆ ಮತ್ತೆ ಬರುವುದಿಲ್ಲ, ಚಿಕ್ಕಪ್ಪನ ಮೀನುಗಾಳದ ಅಂಗಡಿಯಲ್ಲಿ ಎರೆಹುಳು ಮಾರುತ್ತೇನೆ ಎಂದು ಟೆಸ್ಸಾ ಹೇಳಿಯಾಗಿತ್ತು. ಸತ್ತವರ ಮನೆಯಲ್ಲೂ ಪ್ರಶ್ನೆ ಕೇಳಿದ ಮಾರ್ಲಿಗೆ, "ನಿಜವಾಗ್ಲೂ ಹೋಗ್ತೀಯಾ?" ಎಂದು ಕೇಳಲು ಮಾತ್ರ ಧೈರ್ಯ ಬಂದಿರಲಿಲ್ಲ.

"ಏನು, ನನ್ನ ಕೇಳಲ್ವಾ?" ಎಂದ ಕೋಲ್ಟನ್, ಹಲ್ಲು ಬಿಟ್ಟು. ಹಿಂದೆ ನಾಲ್ಕಾರು ಜನ ನಿಂತಿದ್ದರು.

ಮಾರ್ಲಿ ಕೇಳಿದಳು. ನಿಯಮ.

"ಮೊದಲು ಗಂಡಸರಾದ ನಾವು ಕೇಳಿಸಿಕೊಳ್ಳೋದನ್ನ ಕಲೀಬೇಕು," ಎಂದ ಅವನು, ಎದೆಯ ಮೇಲೆ ಕೈಯಿಟ್ಟು. "ನೀವು ನಮ್ಮ ಸೋದರಿಯರ ಮಾತು ಕೇಳಿಸಿಕೊಳ್ತಿದ್ದೀರಾ ಅಂತ ಅವರಿಬ್ಬರನ್ನೂ ಕೇಳ್ತಿದ್ದೆ."

ಹಿಂದಿದ್ದ ಒಬ್ಬಳು "ಅಯ್ಯೋ, ಎಷ್ಟ್ ಚೆನ್ನಾಗ್ ಹೇಳ್ದ" ಎಂದಳು. ಚೆನ್ನಾಗಿ ಹೇಳದೆ ಏನು? ಕಾಲೇಜೇ ಕೂರಿಸಿ ಪ್ರಬಂಧ ಬರೆಸಿತ್ತು. ಶಿಕ್ಷೆಯಿಂದ ಅವನು ಕಲಿತದ್ದು ಮಾತು. ಮಾರ್ಲಿ ಬ್ಯಾಟರಿ ಮುಗಿಯಿತೆಂದು ಸುಳ್ಳು ಹೇಳಿ, ಐದನೆಯವರನ್ನು ಕೇಳದೆಯೇ ಅಲ್ಲಿಂದ ಓಡಿದಳು.

ಸಂಪಾದಕ ಡೆಸ್ಮಂಡ್ ಕಚೇರಿಯಲ್ಲಿ ಕರಿದ ಚೀಸ್ ತಿನ್ನುತ್ತಿದ್ದ.

"ನಾಲ್ಕನೇದನ್ನ ಹಾಕಲ್ಲ ಕಣೋ," ಎಂದಳು ಮಾರ್ಲಿ.

"ಯಾಕೆ?"

ಯಾಕೆಂದು ಹೇಳಲು ಅದು ತನ್ನ ಕಥೆಯಲ್ಲ, ಟೆಸ್ಸಾಳದ್ದು. "ಹಾಕಲ್ಲ, ಅಷ್ಟೇ."

"ಡೀನ್ ತನ್ನ ತಂಗಿ ಮಗನ ಮಾತು ತೆಗೀರಿ ಅಂದಾಗ ಈ ಮೇಜಿನ ಮೇಲೆ ಹತ್ತಿ ನಿಂತು ನಿಯಮ ಅಂದ್ರೆ ನಿಯಮ ಅಂತ ಕೂಗಿದ್ದು ಯಾರು, ನಮ್ಮಜ್ಜಿನಾ? ನಾಳೆ ಮಧ್ಯಾಹ್ನ ಐದನೇದನ್ನ ತಗೊಂಡ್ ಬಾ. ಸಂಜೆ ಅಚ್ಚಿಗೆ ಹೋಗತ್ತೆ."

ಮಾರ್ಲಿ ತಾನೇ ತೋಡಿದ ಹಳ್ಳದಲ್ಲಿ ತಾನೇ ಬಿದ್ದಿದ್ದಳು. ಕೋಣೆಗೆ ಹೋಗಿ ಟೆಸ್ಸಾಳ ಮುಂದೆ ಕ್ಯಾಮೆರಾ ಇಟ್ಟು ಎಲ್ಲವನ್ನೂ ಹೇಳಿದಳು. ಪತ್ರಿಕೆಯಲ್ಲಿ ನೋಡುವ ಮೊದಲು ನನ್ನ ಬಾಯಿಂದ ಗೊತ್ತಾಗಲಿ ಎಂದಳು, ಅಂಕಣ ಬಿಟ್ಟುಬಿಡುತ್ತೇನೆ ಎಂದಳು, ಅತ್ತಳು. ಅಳಬೇಕಾದವಳು ಮಂಚದ ಮೇಲೆ ಕಾಲು ಮಡಚಿಕೊಂಡು ಮ್ಯಾಕರೋನಿ ತಿನ್ನುತ್ತಾ ಫೋಟೋ ನೋಡಿದಳು.

"ಸೋದರಿಯರಂತೆ," ಎಂದಳು ಟೆಸ್ಸಾ. ಆಮೇಲೆ ನಕ್ಕಳು. ಒಳ್ಳೆಯ ನಗುವಲ್ಲ. "ಐದನೇದು ಸಿಕ್ತಾ?"

"ಇಲ್ಲ. ನಾಳೆ."

"ಯಾರನ್ನ ಬೇಕಾದ್ರೂ ಕೇಳ್ಬಹುದಾ?"

"ಮುಂಬಾಗಿಲಿಂದ ಹೊರಗೆ ಬಂದವರನ್ನ ಮಾತ್ರ. ನಿನಗೆ ಗೊತ್ತಲ್ಲ."

ಟೆಸ್ಸಾ ಚಮಚ ನೆಕ್ಕಿ ಬಟ್ಟಲಿಗೆ ಹಾಕಿದಳು. "ಹೊರಗೆ ಬರ್ಬೇಕು ಅಂದ್ರೆ ಮೊದಲು ಒಳಗೆ ಹೋಗ್ಬೇಕು."

"ಟೆಸ್ಸಾ, ಬೇಡ ಕಣೇ. ಅವನು ಅಲ್ಲೇ ಇರ್ತಾನೆ."

"ಇರ್ಲಿ. ನೀನು ಬಾಗಿಲಲ್ಲಿರು, ಸಾಕು."

ಏನು ಹೇಳುತ್ತಾಳೆಂದು ಎಷ್ಟು ಕೇಳಿದರೂ ಅವಳು ಬಾಯಿ ಬಿಡಲಿಲ್ಲ.

ಗುರುವಾರ ಮಧ್ಯಾಹ್ನ ಮಾರ್ಲಿ ಮತ್ತೆ ಮುಂಬಾಗಿಲಲ್ಲಿ ನಿಂತಳು. ಗಾಜಿನಾಚೆ ಟೆಸ್ಸಾ ಅಡುಗೆಮನೆ ಕಡೆಯ ಬಾಗಿಲಿನಿಂದ ಒಳಗೆ ಬಂದದ್ದು ಕಂಡಿತು. ಅಲ್ಲಿಂದ ಇಲ್ಲಿಗೆ ಬರಬೇಕಾದರೆ ಇಡೀ ಮೆಸ್ಸು ದಾಟಬೇಕು, ಲಕ್ರಾಸ್ ಮೇಜು ದಾಟಬೇಕು. ಅವಳು ವಾಫಲ್ ಯಂತ್ರದ ತನಕ ಬಂದಳು. ನಿಂತಳು. ಗೋಡೆ ಹಿಡಿದುಕೊಂಡಳು. ಇನ್ನು ತಿರುಗಿ ಹೋಗುತ್ತಾಳೆ ಎಂದು ಮಾರ್ಲಿಗೆ ಅನ್ನಿಸಿತು.

ಅಷ್ಟರಲ್ಲಿ ಬಾಗಿಲು ತೆರೆದು ಇನ್ಯಾರೋ ಬಂದರು. ಬ್ಯಾಂಡಿನಲ್ಲಿ ಟ್ಯೂಬಾ ಊದುವ ದಪ್ಪ ಹುಡುಗ, ಕೈಯಲ್ಲಿ ಐಸ್‌ಕ್ರೀಮ್. ನಿಯಮದ ಪ್ರಕಾರ ಇವನೇ ಐದನೆಯವನು. ಕೇಳಲೇಬೇಕು. ಉತ್ತರ ಸಿಗದಿರಲಿ ದೇವರೇ ಎಂದುಕೊಂಡು ಮಾರ್ಲಿ ಪ್ರಶ್ನೆ ಕೇಳಿದ್ದು ಜೀವನದಲ್ಲಿ ಅದೇ ಮೊದಲು.

"ಆ ಹುಡುಗಿ ಜಾಗದಲ್ಲಿ ನಾನಿದ್ದಿದ್ರಾ..." ಹುಡುಗ ಆಕಾಶ ನೋಡಿದ. "ಒಳ್ಳೇ ಪ್ರಶ್ನೆ. ನಿಂತ್ಕೋ, ಯೋಚ್ನೆ ಮಾಡ್ತೀನಿ."

"ಮಾಡಪ್ಪಾ. ಐಸ್‌ಕ್ರೀಮ್ ಸೋರ್ತಿದೆ."

ಹುಡುಗ ಕೈ ನೋಡಿಕೊಂಡ. ಐಸ್‌ಕ್ರೀಮ್ ನೋಡಿದ. ಮನಸ್ಸು ಎರಡಾಯಿತು. "ಥೂ, ಬೇರೆ ಯಾರನ್ನಾದ್ರೂ ಕೇಳು ಮಾರಾಯ್ತಿ," ಎಂದು ನೆಕ್ಕುತ್ತಾ ಹೊರಟುಹೋದ. ಅವನ ಹೊಟ್ಟೆ ತಣ್ಣಗಿರಲಿ.

ಮತ್ತೆ ಬಾಗಿಲು ತೆರೆಯಿತು. ಟೆಸ್ಸಾ. ಮುಖ ಬಿಳಿಚಿತ್ತು, ಮೂಗಿನ ತುದಿ ಕೆಂಪಗಿತ್ತು. ಮಾರ್ಲಿ ಅಪರಿಚಿತರನ್ನು ಕೇಳುವಂತೆ ಪ್ರಶ್ನೆಯನ್ನು ಪೂರ್ತಿ ಕೇಳಿದಳು. ಟೆಸ್ಸಾ ಉತ್ತರಿಸಿದಳು. ಮಾರ್ಲಿ ಅದನ್ನು ಬರೆದುಕೊಂಡು, ಫೋಟೋ ತೆಗೆದು, ಕ್ಯಾಮೆರಾ ಕೆಳಗಿಟ್ಟು ಅವಳನ್ನು ಬಿಗಿಯಾಗಿ ತಬ್ಬಿಕೊಂಡಳು.

ಡೆಸ್ಮಂಡ್ ಐದನೇ ಉತ್ತರವನ್ನು ಓದಿದ. ಮತ್ತೊಮ್ಮೆ ಓದಿದ. ಚೀಸ್ ತುಂಡು ಬಾಯಿಯ ಹತ್ತಿರವೇ ನಿಂತಿತು.

"ಹೀಗೇ ಹೇಳಿದ್ಲಾ?"

"ಒಂದಕ್ಷರ ಆಚೀಚೆ ಇಲ್ಲ."

"ಮುಂಬಾಗಿಲಿಂದಾನೇ ಬಂದ್ಲಾ?"

"ಟ್ಯೂಬಾ ಹುಡುಗನ್ನ ಕೇಳು. ಮೊದಲು ಬಂದವನು ಅವನೇ, ಒಲ್ಲೆ ಅಂದ."

ಡೆಸ್ಮಂಡ್ ದಡ್ಡನಲ್ಲ. ನಾಲ್ಕನೇ ಫೋಟೋ ನೋಡಿದ, ಐದನೆಯದನ್ನು ನೋಡಿದ, ನಿನ್ನೆ ಮಾರ್ಲಿ ಯಾಕೆ ಹಟ ಹಿಡಿದಳೆಂದು ತಿಳಿದ. ಚೀಸ್ ಕೆಳಗಿಟ್ಟ. "ಇದರಲ್ಲಿ ಯಾರ ಮೇಲೂ ಏನೂ ಆರೋಪ ಇಲ್ಲ," ಎಂದ ನಿಧಾನವಾಗಿ. "ಕೇಳಿ ಅಂದಿದ್ದಾಳೆ. ಕೇಳೋದು ನಮ್ ಕೆಲಸ. ನಿಯಮ ಅಂದ್ರೆ ನಿಯಮ."

ಶುಕ್ರವಾರ ಮಧ್ಯಾಹ್ನ ಮೆಸ್ಸಿನ ಮೇಜುಗಳ ಮೇಲೆಲ್ಲಾ 'ಬ್ಯೂಗಲ್' ಬಿದ್ದಿತ್ತು. ಆವತ್ತು ಕರಿದ ಮೀನು, ಹಾಗಾಗಿ ಕಾಲೇಜಿಗೆ ಕಾಲೇಜೇ ಅಲ್ಲಿತ್ತು. ಐದು ಮುಖಗಳು ಸಾಲಾಗಿ ನಗುತ್ತಿದ್ದವು, ಕೊನೆಯದೊಂದನ್ನು ಬಿಟ್ಟು. ಅದರ ಕೆಳಗೆ ಹೀಗಿತ್ತು:

"ಅವರನ್ನ ಯಾಕೆ ಕೇಳ್ಬೇಕು? ನಾಲ್ಕನೇ ಮುಖವನ್ನ ಕೇಳಿ. — ಟೆಸ್ಸಾ ಹಾಲ್ವರ್ಸನ್, ಮೂರನೇ ವರ್ಷ."

ಓದಿದವರು ನಾಲ್ಕನೇ ಮುಖವನ್ನು ನೋಡಿದರು. ಆಮೇಲೆ ತಲೆಯೆತ್ತಿ ಲಕ್ರಾಸ್ ಮೇಜನ್ನು ನೋಡಿದರು. ಮುಕ್ಕಾಲು ಪಾಲು ಜನಕ್ಕೆ ಏನೂ ತಿಳಿದಿರಲಿಲ್ಲ. ತಮಾಷೆ ಇರಬೇಕು, ಇವರಿಬ್ಬರಿಗೂ ಏನೋ ಪ್ರೀತಿ-ಗೀತಿ ಇರಬೇಕು ಎಂದುಕೊಂಡರು. ಯಾರೂ ಬಾಯಿ ತೆರೆದು ಏನನ್ನೂ ಕೇಳಲಿಲ್ಲ. ಸುಮ್ಮನೆ ನೋಡಿದರು, ಮೀನು ತಿಂದರು.

ಸುಮ್ಮನಿದ್ದಿದ್ದರೆ ಕೋಲ್ಟನ್ ಪಾರಾಗುತ್ತಿದ್ದ. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನು ಎಲ್ಲ ದೇಶದಲ್ಲೂ ಇರುತ್ತಾನೆ. ಅವನು ಪತ್ರಿಕೆಯನ್ನು ಮೇಜಿಗೆ ಬಡಿದು ಎದ್ದು ನಿಂತ.

"ಏನ್ ಎಲ್ರೂ ನೋಡ್ತಿದ್ದೀರಾ? ಅದು ಮುಗಿದ ವಿಷಯ! ಅದಕ್ಕೆ ನಾನು ಪ್ರಬಂಧ ಬರ್ದು ಕೊಟ್ಟಾಗಿದೆ!"

ಅವನ ಪಕ್ಕದಲ್ಲೇ ಕೂತಿದ್ದ, ಅವನದೇ ತಂಡದ ಒಬ್ಬ ಹುಡುಗ ಮೀನು ಹಿಡಿದ ಕೈಯನ್ನು ತಟ್ಟೆಗೆ ಇಳಿಸಿ ಕೇಳಿದ:

"ಯಾವುದಕ್ಕೆ, ಕೋಲ್ಟನ್?"

ಪ್ರಬಂಧದಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಆಚೆ ಮೇಜಿನಿಂದ ಹಾಕಿ ಗೋಲ್‌ಕೀಪರ್ ಹುಡುಗಿಯೂ ಕೇಳಿದಳು, "ಹೇಳೋ, ಯಾವುದಕ್ಕೆ?" ಸೀಟಿ ಹುಡುಗಿಯೂ ಎದ್ದು ನಿಂತಳು. ಅವನು ತಟ್ಟೆಯನ್ನು ಹಾಗೇ ಬಿಟ್ಟು, ಎಲ್ಲರ ಕಣ್ಣೆದುರು ಇಡೀ ಮೆಸ್ಸನ್ನು ದಾಟಿ ಮುಂಬಾಗಿಲಿನ ಕಡೆಗೆ ನಡೆದ. ದೂರ ಹೆಚ್ಚೇ ಇತ್ತು. ಟೆಸ್ಸಾಳಿಗೆ ಎಷ್ಟಿತ್ತೋ ಅಷ್ಟೇ.

ಟೆಸ್ಸಾ ಆಗ ವಾಫಲ್ ಯಂತ್ರದ ಮುಂದಿದ್ದಳು, ಕೈಯಲ್ಲಿ ತಟ್ಟೆ ಹಿಡಿದು. ಲಾಂಛನ ಒತ್ತಿದ ವಾಫಲ್ಲನ್ನು ತಂದು ಮಾರ್ಲಿಯ ಎದುರು ಕೂತು, 'ಸತ್ಯವೇ ದಾರಿ'ಯ ಮೇಲೆ ಸಿರಪ್ಪು ಸುರಿದಳು. ಅರ್ಧ ಮೇಜಿನ ಮೇಲೆ ಬಿತ್ತು.

ಮಾರ್ಲಿಗೆ ಇನ್ನು ತಡೆಯಲಾಗಲಿಲ್ಲ. "ಕ್ರಿಸ್‌ಮಸ್ ಆದ್ಮೇಲೆ ವಾಪಸ್ ಬರ್ತೀಯಾ?"

"ನಾನ್ಯಾಕೆ ಎರೆಹುಳು ಮಾರ್ಬೇಕು?" ಎಂದಳು ಟೆಸ್ಸಾ, ಬಾಯಿ ತುಂಬಾ ವಾಫಲ್ ಇಟ್ಟುಕೊಂಡು. "ಮಾರೋದಿದ್ರೆ ಅವನು ಮಾರ್ಕೊಳ್ಳಿ."

ಮುಂಬಾಗಿಲು ಧಡಾರೆಂದು ಬಡಿದುಕೊಂಡಿತು. ಅಭ್ಯಾಸಬಲದಿಂದ ಮಾರ್ಲಿಯ ಕೈ ಕ್ಯಾಮೆರಾದ ಕಡೆಗೆ ಹೋಯಿತು.

"ಕೂತ್ಕೊಳೇ," ಎಂದಳು ಟೆಸ್ಸಾ. "ಈ ವಾರದ ಐದು ಆಯ್ತು."